ಕೂಡಿದ್ದು ಕಂಪ್ಯೂಟರ್, ತಪ್ಪಿದ್ದು ಎಲ್ಲಿ?

ಒಬ್ಬ ಹುಡುಗ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಬರೆದಿದ್ದಾನೆ ಎಂದಿಟ್ಟುಕೊಳ್ಳಿ. 2025ರ ಪರೀಕ್ಷೆಯಲ್ಲಿದ್ದಂತೆ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಹುಡುಗನಿಗೆ ಪ್ರಥಮ ಭಾಷೆಯಲ್ಲಿ 100, ಉಳಿದ ಐದರಲ್ಲೂ 55ರಂತೆ 275. ಎರಡೂ ಸೇರಿ 375. ಅಂದರೆ ಸರಿಯಾಗಿ ಶೇ 60, ಪ್ರಥಮ ದರ್ಜೆ. ಆದರೆ ಶಾಲೆಯ ಕಂಪ್ಯೂಟರಿನಿಂದ ಹೊರಬಂದ ಪಟ್ಟಿಯಲ್ಲಿ 59.17 ಎಂದು ಅಚ್ಚಾಗಿದೆ. ಹುಡುಗನ ಮುಖ ಸಪ್ಪಗಾಗುತ್ತದೆ. ಅಪ್ಪ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ, "ಕಂಪ್ಯೂಟರ್ ಎಂದಾದರೂ ತಪ್ಪು ಮಾಡುತ್ತದೆಯೇ?" ಎಂದು ತಮ್ಮ ಲೆಕ್ಕದ ಮೇಲೆಯೇ ಅನುಮಾನಪಡುತ್ತಾರೆ.

ನಿಜ ಹೇಳಬೇಕೆಂದರೆ ಇಲ್ಲಿ ಕಂಪ್ಯೂಟರ್ ಕೂಡುವುದರಲ್ಲಿ ತಪ್ಪಿಲ್ಲ. ಅದು ಮೊದಲು ಪ್ರತಿ ವಿಷಯದ ಶೇಕಡ ತೆಗೆಯಿತು: ಪ್ರಥಮ ಭಾಷೆಗೆ 80, ಉಳಿದವಕ್ಕೆ 55. ಎಲ್ಲ ಕೂಡಿದರೆ 355. ಆರರಿಂದ ಭಾಗಿಸಿದರೆ 59.17. ಲೆಕ್ಕ ಸರಿ, ಪ್ರಶ್ನೆಯೇ ತಪ್ಪು. 625ಕ್ಕೆ ಎಷ್ಟು ಎಂದು ಕೇಳಬೇಕಾದಲ್ಲಿ ಆರು ಶೇಕಡಗಳ ಸರಾಸರಿ ಎಷ್ಟು ಎಂದು ಕೇಳಲಾಗಿದೆ. ವರದಿಗಳಲ್ಲಿ ಕಾಣುವ ಬಹಳಷ್ಟು ತಪ್ಪುಗಳ ಗುಟ್ಟು ಇಷ್ಟೇ: ಯಾವ ಸಾಲುಗಳನ್ನು ಕೂಡಿದೆವು, ಯಾವುದರಿಂದ ಭಾಗಿಸಿದೆವು?

ವರದಿ ಹೇಗೆ ಹುಟ್ಟುತ್ತದೆ?

ಡೇಟಾಬೇಸಿನಲ್ಲಿ ಅಂಕ, ಶುಲ್ಕ, ಹಾಜರಿ ಎಲ್ಲವೂ ಸಾಲುಸಾಲಾಗಿ ಕುಳಿತಿರುತ್ತವೆ. ಅವನ್ನು ಓದಿ, ಗುಂಪು ಮಾಡಿ, ಕೂಡಿ, ಕಾಗದದ ಮೇಲೆ ಓರಣವಾಗಿ ಅಚ್ಚುಹಾಕುವುದು ವರದಿ ತಂತ್ರಾಂಶದ ಕೆಲಸ. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಈ ಸೌಲಭ್ಯ ಒಳಗೇ ಇದೆ. ತೊಂಬತ್ತರ ದಶಕದಲ್ಲಿ ವಿಷುಯಲ್ ಬೇಸಿಕ್ ಜೊತೆಗೆ ಬಂದು ಹೆಸರಾದ ಕ್ರಿಸ್ಟಲ್ ರಿಪೋರ್ಟ್ಸ್ ಈಗ ಸ್ಯಾಪ್ ಕಂಪೆನಿಯದು. ತಂತ್ರಾಂಶ ಯಾವುದೇ ಇರಲಿ, ಎಡವುವ ಕಲ್ಲುಗಳು ಮಾತ್ರ ಹೆಚ್ಚುಕಡಿಮೆ ಅವೇ.

ಸರಾಸರಿಗಳ ಸರಾಸರಿ

ಮೇಲಿನ ತಪ್ಪು ಶಾಲೆಯ ಫಲಿತಾಂಶದಲ್ಲೂ ನುಸುಳುತ್ತದೆ. 'ಎ' ವಿಭಾಗದಲ್ಲಿ 50 ಮಕ್ಕಳು, 45 ಪಾಸು, ಶೇ 90. 'ಬಿ' ವಿಭಾಗದಲ್ಲಿ 10 ಮಕ್ಕಳು, 5 ಪಾಸು, ಶೇ 50. ಎರಡನ್ನೂ ಕೂಡಿ ಅರ್ಧ ಮಾಡಿದರೆ 70. ನಿಜವಾದ ಫಲಿತಾಂಶ 60ಕ್ಕೆ 50, ಅಂದರೆ 83.33! ಪರಿಹಾರ ಸುಲಭ. ಶೇಕಡಗಳನ್ನು ಎಂದೂ ಕೂಡಬೇಡಿ. ಪಾಸಾದವರನ್ನು ಬೇರೆ ಕೂಡಿ, ಕುಳಿತವರನ್ನು ಬೇರೆ ಕೂಡಿ, ಕೊನೆಯಲ್ಲಿ ಒಂದೇ ಬಾರಿ ಭಾಗಿಸಿ.

ಒಂದು ರೂಪಾಯಿ ಆರಾದಾಗ

60 ಮಕ್ಕಳು ತಲಾ 1,200 ರೂಪಾಯಿ ಶುಲ್ಕ ಕಟ್ಟಿದ್ದಾರೆ. ಮೊತ್ತ 72,000 ಬರಬೇಕು. ವರದಿಯಲ್ಲಿ 4,32,000 ಬಂದಿದೆ! ಯಾರೂ ಕಳ್ಳಲೆಕ್ಕ ಬರೆದಿಲ್ಲ. ಶುಲ್ಕದ ಟೇಬಲ್ಲನ್ನು ಅಂಕಗಳ ಟೇಬಲ್ಲಿಗೆ ಜೋಡಿಸಿದ್ದಾರೆ, ಅಷ್ಟೆ. ಒಬ್ಬ ವಿದ್ಯಾರ್ಥಿಗೆ ಆರು ವಿಷಯ, ಆರು ಸಾಲು. ಪ್ರತಿ ಸಾಲಿನ ಪಕ್ಕದಲ್ಲೂ ಅದೇ 1,200 ಬಂದು ಕುಳಿತು ಆರು ಬಾರಿ ಎಣಿಕೆಯಾಗಿದೆ.

ಇದಕ್ಕೆ ಕೆಲವರು ಒಂದು ಅವಸರದ ಔಷಧಿ ಹುಡುಕುತ್ತಾರೆ. ಒಂದೇ ರೀತಿಯ ಸಂಖ್ಯೆಗಳನ್ನು ಒಮ್ಮೆ ಮಾತ್ರ ಕೂಡು ಎಂದು 'ಡಿಸ್ಟಿಂಕ್ಟ್' ಎಂಬ ಆದೇಶ ಕೊಡುತ್ತಾರೆ. ಆಗ 60 ಮಕ್ಕಳ 1,200ಗಳೆಲ್ಲ ಒಂದೇ ಆಗಿ ಮೊತ್ತ ಬರಿಯ 1,200ಕ್ಕೆ ಇಳಿಯುತ್ತದೆ! ಶುಲ್ಕವನ್ನು ಮೊದಲು ಬೇರೆಯಾಗಿ ಕೂಡಿಕೊಂಡು ಆಮೇಲೆ ವರದಿಗೆ ತರುವುದೇ ಸರಿಯಾದ ದಾರಿ. ಅಥವಾ ವಿದ್ಯಾರ್ಥಿ ಬದಲಾದಾಗ ಮಾತ್ರ ಮೊತ್ತಕ್ಕೆ ಸೇರಿಸು ಎಂದು ತಂತ್ರಾಂಶಕ್ಕೆ ಹೇಳಬೇಕು.

ಖಾಲಿ ಬೇರೆ, ಸೊನ್ನೆ ಬೇರೆ

ಮೂವರಲ್ಲಿ ಒಬ್ಬಳಿಗೆ 60, ಇನ್ನೊಬ್ಬನಿಗೆ 40, ಮೂರನೆಯವನು ಗೈರುಹಾಜರು. ಸರಾಸರಿ ಎಷ್ಟು? ಗೈರುಹಾಜರಿಯ ಜಾಗವನ್ನು ಖಾಲಿ ಬಿಟ್ಟಿದ್ದರೆ ಡೇಟಾಬೇಸ್ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಉತ್ತರ 50. ಸೊನ್ನೆ ಬರೆದಿದ್ದರೆ ಮೂರರಿಂದ ಭಾಗಿಸಿ 33.33 ಎನ್ನುತ್ತದೆ. ಖಾಲಿ ಜಾಗಕ್ಕೆ ಈ ಭಾಷೆಯಲ್ಲಿ 'ನಲ್' ಎಂದು ಹೆಸರು. ಆರು ವಿಷಯಗಳನ್ನು ಸೂತ್ರದಲ್ಲಿ ಒಂದಕ್ಕೊಂದು ಕೂಡುವಾಗ ಒಂದು ನಲ್ ಸಿಕ್ಕರೂ ಸಾಕು, ಇಡೀ ಒಟ್ಟು ಮಾಯವಾಗಿ ಆ ಜಾಗ ಖಾಲಿ ಉಳಿಯುತ್ತದೆ. ನಲ್ ಇದ್ದಲ್ಲೆಲ್ಲ ಸೊನ್ನೆ ಹಾಕು ಎಂಬ ಸೌಲಭ್ಯವೂ ತಂತ್ರಾಂಶಗಳಲ್ಲಿದೆ. ಆದರೆ ಅದನ್ನು ಒತ್ತುವ ಮುಂಚೆ ಯೋಚಿಸಿ. ಜ್ವರ ಬಂದು ಪರೀಕ್ಷೆಗೆ ಬಾರದವನೂ, ಬಂದು ಸೊನ್ನೆ ತೆಗೆದವನೂ ಒಂದೇ ಆಗಿಬಿಡುತ್ತಾರೆ. ಇದನ್ನು ಶಾಲೆ ತೀರ್ಮಾನಿಸಬೇಕು, ಪ್ರೋಗ್ರಾಂ ಬರೆದವರಲ್ಲ.

ಕಣ್ಣಿಗೆ ಕಾಣದ ಸಾಲುಗಳು

ಶಾಲೆ ಬಿಟ್ಟುಹೋದ ಮಕ್ಕಳ ಹೆಸರು ಅಚ್ಚಾಗುವುದು ಬೇಡವೆಂದು ಕ್ರಿಸ್ಟಲ್ ರಿಪೋರ್ಟ್ಸ್‌ನಲ್ಲಿ ಆ ಸಾಲುಗಳನ್ನು 'ಸಪ್ರೆಸ್' ಮಾಡುತ್ತಾರೆ. ಸಾಲು ಕಾಗದದ ಮೇಲೆ ಕಾಣುವುದಿಲ್ಲ. ಆದರೆ ಕೆಳಗಿನ ಒಟ್ಟಿನಲ್ಲಿ ಇದ್ದೇ ಇರುತ್ತದೆ. ಪರದೆ ಎಳೆದ ಮಾತ್ರಕ್ಕೆ ಕೋಣೆಯಲ್ಲಿದ್ದವರು ಹೊರಗೆ ಹೋಗುತ್ತಾರೆಯೇ? ಬೇಡದ ಸಾಲುಗಳನ್ನು ಆಯ್ಕೆಯ ಹಂತದಲ್ಲೇ, ಅಂದರೆ ರೆಕಾರ್ಡ್ ಸೆಲೆಕ್ಷನ್‌ನಲ್ಲೇ, ತಡೆಯಬೇಕು.

ಇನ್ನೊಂದು ತೊಡಕು ಕಾಲದ್ದು. ಮದುವೆಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೆನೆಸಿಕೊಳ್ಳಿ. ಕೊನೆಯ ನೆಂಟರು ಬಂದು ಬರೆಸುವತನಕ ಒಟ್ಟು ಎಷ್ಟೆಂದು ಗೊತ್ತಿಲ್ಲ. ಹಾಗಿರುವಾಗ ಮೊದಲ ಸಾಲಿನಲ್ಲೇ ಇದು ಒಟ್ಟಿನ ಶೇಕಡ ಇಷ್ಟು ಎಂದು ಬರೆಯುವುದು ಹೇಗೆ? ಸಾಲು ಅಚ್ಚಾದಂತೆ ಬೆಳೆಯುವ 'ರನ್ನಿಂಗ್ ಟೋಟಲ್' ಅನ್ನು ಛೇದವಾಗಿಟ್ಟರೆ ಮೊದಲ ಸಾಲಿಗೆ ಶೇ 100 ಬಂದು, ಮುಂದಿನವೆಲ್ಲ ಅಡ್ಡಾದಿಡ್ಡಿಯಾಗುತ್ತವೆ. ಅಚ್ಚಿಗೆ ಮೊದಲೇ ಸಿದ್ಧವಾಗುವ ಮಹಾಮೊತ್ತವನ್ನೇ ಬಳಸಬೇಕು.

ಸೊನ್ನೆಯ ಆಟ, 99ರ ಕಾಟ

ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಸ್ ಮುಂತಾದ ಡೇಟಾಬೇಸುಗಳಲ್ಲಿ 45ನ್ನು 60ರಿಂದ ಭಾಗಿಸು ಎಂದರೆ 0 ಬರುತ್ತದೆ! ಎರಡೂ ಪೂರ್ಣಾಂಕ, ಆದ್ದರಿಂದ ಉತ್ತರವೂ ಪೂರ್ಣಾಂಕ, ದಶಾಂಶ ಬಿದ್ದುಹೋಗುತ್ತದೆ. ಮೊದಲೇ 100.0ರಿಂದ ಗುಣಿಸಿ, ಆಮೇಲೆ ಭಾಗಿಸಿದರೆ 75 ಬರುತ್ತದೆ. ಇದಕ್ಕೆ ತಿರುವುಮುರುವಾದದ್ದು ಆಕ್ಸೆಸ್‌ನ ಶೇಕಡ ನಮೂನೆ. ಅದು ತಾನೇ 100ರಿಂದ ಗುಣಿಸಿ ತೋರಿಸುತ್ತದೆ. ನೀವೂ ಗುಣಿಸಿದ್ದರೆ 80ರ ಬದಲು 8000 ಶೇಕಡ!

ಇನ್ನು 60 ಮಕ್ಕಳು ಮೂರು ವಿಭಾಗಗಳಲ್ಲಿ ಇಪ್ಪತ್ತಿಪ್ಪತ್ತರಂತೆ ಇದ್ದರೆ 33, 33, 33; ಕೂಡಿದರೆ 99. ಇದು ತಪ್ಪಲ್ಲ, ದಶಾಂಶ ಬಿಟ್ಟಿದ್ದರ ಫಲ. ಒಂದನ್ನು 34 ಮಾಡಿ ತಿದ್ದುವುದು ಬೇಡ. ದಶಾಂಶ ಬಿಟ್ಟಿದ್ದೇವೆ ಎಂದು ಕೆಳಗೊಂದು ಸಾಲು ಬರೆದರೆ ಸಾಕು. ಆದರೆ 59.5 ತೆಗೆದವರಿಗೆ 60 ಎಂದು ಬರೆದು ಪ್ರಥಮ ದರ್ಜೆ ಕೊಡುವುದೋ ಬೇಡವೋ ಎಂಬುದು ಸಣ್ಣ ಸಂಗತಿಯಲ್ಲ. ದರ್ಜೆ ನಿರ್ಧರಿಸಿದ ಮೇಲೆ ದಶಾಂಶ ಬಿಡಬೇಕೇ, ಬಿಟ್ಟ ಮೇಲೆ ನಿರ್ಧರಿಸಬೇಕೇ ಎಂಬುದು ಮೊದಲೇ ಬರಹದಲ್ಲಿರಬೇಕು.

ತಪ್ಪು ಹುಡುಕುವ ಬಗೆ

ವರದಿ ತಯಾರಿಸುವ ವಿದ್ಯಾರ್ಥಿಗಳಿಗೆ ನಾಲ್ಕು ಕಿವಿಮಾತು. ಒಂದು, ಮುಚ್ಚಿಟ್ಟ ಸಾಲುಗಳನ್ನೆಲ್ಲ ತೆರೆದು ಎಣಿಸಿ. 60 ಮಕ್ಕಳಿಗೆ ಆರು ವಿಷಯವಾದರೆ 360 ಸಾಲು. ಹೆಚ್ಚಿದ್ದರೆ ಟೇಬಲ್ ಜೋಡಣೆಯಲ್ಲಿ ದೋಷ, ಕಡಿಮೆಯಿದ್ದರೆ ಯಾರೋ ಬಿಟ್ಟುಹೋಗಿದ್ದಾರೆ. ಎರಡು, ಶೇಕಡದ ಪಕ್ಕದಲ್ಲಿ ಅದರ ಅಂಶ ಮತ್ತು ಛೇದ ಎರಡನ್ನೂ ತಾತ್ಕಾಲಿಕವಾಗಿ ಅಚ್ಚುಹಾಕಿ. ಅರ್ಧ ತಪ್ಪುಗಳು ಅಲ್ಲೇ ಕಣ್ಣಿಗೆ ಬೀಳುತ್ತವೆ. ಮೂರು, ಮೂವರು ಕಾಲ್ಪನಿಕ ವಿದ್ಯಾರ್ಥಿಗಳನ್ನು ಸೃಷ್ಟಿಸಿ: ಎಲ್ಲದರಲ್ಲೂ ಪೂರ್ಣ ಅಂಕ ಪಡೆದವನು, ಎಲ್ಲದರಲ್ಲೂ ಸೊನ್ನೆ ಪಡೆದವನು, ಒಂದು ವಿಷಯಕ್ಕೆ ಗೈರುಹಾಜರಾದವನು. ಮೊದಲಿಬ್ಬರಿಗೆ 100, 0 ಬರದಿದ್ದರೆ ಸೂತ್ರ ಸರಿಯಿಲ್ಲ. ಮೂರನೆಯವನಿಗೆ ಏನು ಬರಬೇಕೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ನಾಲ್ಕು, ಒಂದು ನಿಜವಾದ ಅಂಕಪಟ್ಟಿಯನ್ನು ಕೈಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿ.

ತಂದೆತಾಯಿಗಳಿಗೂ ಒಂದು ಮಾತು. ಅಂಕಪಟ್ಟಿ ಕೈಗೆ ಬಂದಾಗ ಶೇಕಡ ನೋಡಿ ಮಗುವನ್ನು ಗದರುವ ಮೊದಲು ಅಂಕಗಳನ್ನು ಒಮ್ಮೆ ಕೂಡಿ, ಗರಿಷ್ಠ ಅಂಕದಿಂದ ಭಾಗಿಸಿ ನೋಡಿ. ಐದು ನಿಮಿಷದ ಕೆಲಸ. ಹೊಂದದಿದ್ದರೆ ಶಾಲೆಗೆ ಹೋಗಿ ಜಗಳ ಆಡಬೇಕಾಗಿಲ್ಲ, "ಈ ಶೇಕಡ ಎಷ್ಟಕ್ಕೆ ತೆಗೆದದ್ದು?" ಎಂದು ಕೇಳಿದರೆ ಸಾಕು. ಉತ್ತರ ಹುಡುಕಲು ಹೊರಟವರಿಗೆ ತಪ್ಪು ತಾನಾಗಿಯೇ ಸಿಗುತ್ತದೆ. ಒಂದು ಪಟ್ಟಿಯ ತಪ್ಪು ಸಿಕ್ಕರೆ ಅದೇ ಸೂತ್ರದಿಂದ ಅಚ್ಚಾದ ಉಳಿದ ಮಕ್ಕಳ ಪಟ್ಟಿಗಳೂ ಸರಿಹೋಗುತ್ತವೆ.