ಹಲವು ಬೆಳಕಿನ ಒಂದು ಇರುಳು

ಮಳೆ ನಿಂತ ಟಾರು ರಸ್ತೆ. ಸುತ್ತ ಕಡುನೀಲಿ ಕತ್ತಲು. ನಡುವೆ ಒಂದು ಹಳೆಯ ಜಾವಾ ಬೈಕು, ಅದರ ಮೇಲೆ ಚರ್ಮದ ಜಾಕೆಟ್ ತೊಟ್ಟ ಸವಾರ. ಟ್ಯಾಂಕಿನ ಅಂಚಿನುದ್ದಕ್ಕೂ ಬೆಳಕಿನ ಒಂದು ಗೆರೆ ಹರಿದಿದೆ. ಇಂಜಿನ್ನಿನ ಫಿನ್ನುಗಳನ್ನು ಒಂದೊಂದಾಗಿ ಎಣಿಸಬಹುದು. ಸವಾರನ ಬೆನ್ನ ಹಿಂದೆ ಹೊಗೆ ಮಿನುಗುತ್ತಿದೆ, ಹೆಡ್‌ಲೈಟಿನ ಕಿರಣ ನೆಲದ ನೀರಿನಲ್ಲಿ ಉದ್ದಕ್ಕೆ ಚಾಚಿದೆ. ಬೈಕ್ ಜಾಹೀರಾತುಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಸಿನಿಮಾ ಪೋಸ್ಟರುಗಳಲ್ಲಿ, ಈಚೆಗೆ ಇನ್‌ಸ್ಟಾಗ್ರಾಂ ಪುಟಗಳಲ್ಲಿ ಇಂಥ ಚಿತ್ರವನ್ನು ನೋಡದವರು ಕಡಿಮೆ. ಆದರೆ ಅದರಲ್ಲಿ ಕಾಣುವ ಆ ಕ್ಷಣ ಯಾವ ರಸ್ತೆಯಲ್ಲೂ ಯಾವತ್ತೂ ಇದ್ದದ್ದಲ್ಲ. ಅಲ್ಲಿನ ಆಕಾಶ ಮುಸ್ಸಂಜೆಯದು, ಟ್ಯಾಂಕು ಕತ್ತಲಾದ ಮೇಲಿನದು, ಹೊಗೆ ಅದಕ್ಕೂ ಆಮೇಲಿನದು. ಒಂದೇ ಕಡೆ ಅಲುಗದೆ ನಿಂತ ಕ್ಯಾಮೆರಾ ತೆಗೆದ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಕಟ್ಟಿದ ರಾತ್ರಿ ಅದು. ಛಾಯಾಗ್ರಾಹಕರು ಇದನ್ನು ಕಾಂಪೋಸಿಟ್ ಎನ್ನುತ್ತಾರೆ.

ನಿಜವಾದ ರಾತ್ರಿಯಲ್ಲಿ ಒಂದೇ ಸಲ ಕ್ಲಿಕ್ಕಿಸಿದರೆ ಆಗದೇ? ಹುಣ್ಣಿಮೆಯ ಬೆಳದಿಂಗಳು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಅಷ್ಟು ಬೆಳಕಿನಲ್ಲಿ ಕ್ಯಾಮೆರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಬೈಕು ಅಲುಗದೆ ನಿಂತೀತು, ಉಸಿರಾಡುವ ಸವಾರ ನಿಲ್ಲಲಾರ. ಒಂದು ಫ್ಲ್ಯಾಶ್ ಹೊಡೆದರೆ ಬೆಳಕು ಹತ್ತಿರದ ಮಡ್‌ಗಾರ್ಡನ್ನು ಸುಟ್ಟು ಬಿಳಿ ಮಾಡಿ, ಹಿಂದಿನ ಚಕ್ರದ ಹೊತ್ತಿಗೆ ಸೋತಿರುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದು ಭೌತಶಾಸ್ತ್ರದ ನಿಯಮ. ಇನ್ನು ಕ್ರೋಮ್ ಅನ್ನುವುದು ಅರ್ಧ ಕನ್ನಡಿ. ಅದರಲ್ಲಿ ಏನು ಪ್ರತಿಫಲಿಸುತ್ತದೋ ಅದೇ ಅದರ ರೂಪ. ಟ್ಯಾಂಕಿಗೆ ಒಪ್ಪುವ ದೀಪದ ಜಾಗ ಸೈಲೆನ್ಸರಿಗೆ ಒಪ್ಪುವುದಿಲ್ಲ, ಸೈಲೆನ್ಸರಿಗೆ ಒಪ್ಪಿದ್ದು ಸವಾರನ ಮುಖಕ್ಕೆ ಆಗುವುದಿಲ್ಲ. ಹಾಗಾಗಿ ಒಂದೊಂದು ಭಾಗಕ್ಕೆ ಒಂದೊಂದು ಬೆಳಕು, ಒಂದೊಂದು ಚಿತ್ರ.

ಹೀಗೆ ಕೂಡಿಸುವುದು ಕಂಪ್ಯೂಟರ್ ಕಲಿಸಿದ ವಿದ್ಯೆ ಎಂದುಕೊಳ್ಳುವವರು ಬಹಳ. ಛಾಯಾಗ್ರಹಣ ಇನ್ನೂ ಎಳೆಯದಾಗಿದ್ದಾಗಲೇ ಇದಿತ್ತು. 1850ರ ದಶಕದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಅತಿ ಬೇಗ ಸ್ಪಂದಿಸುತ್ತಿದ್ದವು. ಸಮುದ್ರ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗೆ ಬಳಿದುಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಗಳಿಗೊಂದು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಮುದ್ರಿಸಿದ. 1857ರಲ್ಲಿ ಇಂಗ್ಲೆಂಡಿನಲ್ಲಿದ್ದ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೂಡಿಸಿ ಒಂದು ದೊಡ್ಡ ರೂಪಕಚಿತ್ರವನ್ನೇ ಮಾಡಿದ, ವಿಕ್ಟೋರಿಯಾ ರಾಣಿ ಅದರ ಒಂದು ಪ್ರತಿಯನ್ನು ಕೊಂಡಳು. ನಮ್ಮ ಸಿನಿಮಾಗಳ ದ್ವಿಪಾತ್ರಗಳೂ ಈ ವಂಶದವೇ. ಫಿಲ್ಮಿನ ಅರ್ಧವನ್ನು ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧದಲ್ಲಿ ಇನ್ನೊಂದನ್ನು ಚಿತ್ರಿಸುತ್ತಿದ್ದ ಕಾಲ ಅದು. 1978ರ 'ಶಂಕರ್ ಗುರು'ವಿನಲ್ಲಿ ರಾಜ್‌ಕುಮಾರ್ ಮೂವರಾಗಿ ಬಂದಾಗ ಚಿತ್ರಗಳನ್ನು ಪದರಗಳಾಗಿ ಪೇರಿಸುವ ಲೇಯರ್ ಎಂಬ ಮಾತನ್ನು ಪ್ರೇಕ್ಷಕರಲ್ಲಿ ಯಾರೂ ಕೇಳಿರಲಿಲ್ಲ. ನೋಲ್ ಸಹೋದರರು ರೂಪಿಸಿದ, ಚಿತ್ರ ತಿದ್ದುವ ತಂತ್ರಾಂಶ ಫೋಟೋಶಾಪ್ ಬಂದದ್ದು 1990ರಲ್ಲಿ, ಅದಕ್ಕೆ ಲೇಯರ್ ಸೇರಿದ್ದು 1994ರಲ್ಲಿ.

ಯಂತ್ರ ಮತ್ತು ರಾತ್ರಿ ಎಂದಾಗ ನನಗೆ ಮೊದಲು ನೆನಪಾಗುವವನು ವಿನ್ಸ್‌ಟನ್ ಲಿಂಕ್. ನ್ಯೂಯಾರ್ಕಿನ ಈ ಜಾಹೀರಾತು ಛಾಯಾಗ್ರಾಹಕ 1955ರಿಂದ 1960ರವರೆಗೆ, ಅಮೆರಿಕದ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆಯಲ್ಲಿ ಹಬೆ ಇಂಜಿನ್ನುಗಳ ಕೊನೆಯ ದಿನಗಳನ್ನು ಹೆಚ್ಚಾಗಿ ರಾತ್ರಿಯಲ್ಲೇ ಚಿತ್ರಿಸಿದ. ಸೂರ್ಯ ತಾನು ಹೇಳಿದ ಕಡೆ ನಿಲ್ಲುವುದಿಲ್ಲ, ಇರುಳಿನಲ್ಲಾದರೆ ಬೆಳಕೆಲ್ಲ ತನ್ನ ಕೈಯಲ್ಲಿ ಎಂಬುದು ಅವನ ಲೆಕ್ಕ. 1956ರಲ್ಲಿ ವೆಸ್ಟ್ ವರ್ಜೀನಿಯಾದ ಒಂದು ಬಯಲು ಚಿತ್ರಮಂದಿರದ ಬಳಿ ಅವನು ತೆಗೆದ ಚಿತ್ರ ಹೆಸರುವಾಸಿ. ಮುಂದೆ ಕಾರಿನಲ್ಲಿ ಕೂತ ಜೋಡಿ, ಪರದೆಯ ಮೇಲೆ ಒಂದು ವಿಮಾನ, ಹಿಂದೆ ಹಬೆಯುಗುಳುತ್ತ ಓಡುವ ರೈಲು. ರೈಲು ಯಾರಿಗಾಗಿಯೂ ನಿಲ್ಲುವಂತಿಲ್ಲವಾದ್ದರಿಂದ ನಲವತ್ತಕ್ಕೂ ಹೆಚ್ಚು ಫ್ಲ್ಯಾಶ್ ಬಲ್ಬುಗಳನ್ನು ಒಂದೇ ಗಳಿಗೆಯಲ್ಲಿ ಉರಿಸಬೇಕಾಯಿತು. ಆ ಪ್ರಖರತೆಗೆ ಪರದೆ ಬಿಳುಚಿಹೋಯಿತು. ಪರದೆಯ ಮೇಲಿನ ವಿಮಾನವನ್ನು ಬೇರೆಯಾಗಿ ತೆಗೆದು ಡಾರ್ಕ್‌ರೂಮಿನಲ್ಲಿ ಸೇರಿಸಿದ. ಅಂದರೆ ಆ ಚಿತ್ರವೂ ಕಾಂಪೋಸಿಟ್ಟೇ. ಓಡುವ ರೈಲಿಗೆ ನಲವತ್ತು ದೀಪ ಬೇಕಾದಲ್ಲಿ ನಿಂತ ಬೈಕಿಗೆ ಒಂದೇ ದೀಪ ಸಾಕು. ಅದನ್ನು ಹತ್ತು ಕಡೆ ಹಿಡಿದು ಹತ್ತು ಚಿತ್ರ ತೆಗೆದರಾಯಿತು. ದೊಡ್ಡ ಸ್ಟುಡಿಯೋದವರ ಸೊತ್ತಾಗಿದ್ದ ಈ ಕಲೆ ತಾಲೂಕು ಕೇಂದ್ರದ ಫೋಟೋಗ್ರಾಫರನ ಕೈಗೂ ಎಟುಕಿದ್ದು ಹೀಗೆ.

ಉದಾಹರಣೆಗೆ ಜಾವಾವನ್ನೇ ಇಟ್ಟುಕೊಳ್ಳೋಣ. 1929ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಈ ಬೈಕು 1960ರ ದಶಕದಲ್ಲಿ ಮೈಸೂರಿನದೇ ಆಯಿತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳನ್ನು ಹೊರತಂದು, 1996ರಲ್ಲಿ ಬಾಗಿಲು ಮುಚ್ಚಿತು. ಬೈಕುಗಳು ಮಾತ್ರ ಇನ್ನೂ ಓಡುತ್ತಿವೆ. ಕಡುಗೆಂಪು ಬಣ್ಣ, ಟ್ಯಾಂಕಿನ ಎರಡು ಬದಿಗೂ ಕ್ರೋಮ್, ಉದ್ದನೆಯ ಜೋಡಿ ಸೈಲೆನ್ಸರು. ಬೆಳಕಿನ ಕೆಲಸ ಕಲಿಯುವವರಿಗೆ ಇದಕ್ಕಿಂತ ಕಠಿಣ ಗುರು ಸಿಗುವುದು ಕಷ್ಟ.

ಸೂರ್ಯ ಮುಳುಗುವ ಮೊದಲೇ ಬೈಕನ್ನು ತೊಳೆದೊರೆಸಿ ಜಾಗದಲ್ಲಿ ನಿಲ್ಲಿಸಬೇಕು. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಕಣ್ಣಿಗೆ ಕಾಣದ ದೂಳೂ ಎದ್ದು ನಿಲ್ಲುತ್ತದೆ. ಚಕ್ರ ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು, ಮುಂದಿನ ಚಕ್ರ ತುಸು ಕ್ಯಾಮೆರಾದತ್ತ, ರಸ್ತೆಗೆ ನಾಲ್ಕು ಕೊಡ ನೀರು. ಒಣ ಟಾರು ಬೆಳಕನ್ನು ನುಂಗುತ್ತದೆ, ಒದ್ದೆ ಟಾರು ಮರಳಿ ಕೊಡುತ್ತದೆ. ಕ್ಯಾಮೆರಾ ಟ್ರೈಪಾಡಿನ ಮೇಲೆ, ಫೋಕಸ್ ಕೈಯಲ್ಲೇ ಹೊಂದಿಸಿ ಸ್ಥಿರಗೊಳಿಸಿದ್ದು, ಐಎಸ್‌ಒ 100. ಇಲ್ಲಿಂದಾಚೆಗೆ ಕ್ಯಾಮೆರಾವನ್ನು ಮುಟ್ಟುವಂತಿಲ್ಲ, ಕ್ಲಿಕ್ ಎಲ್ಲ ರಿಮೋಟಿನಿಂದ.

ಮೊದಲ ಚಿತ್ರ ಆಕಾಶದ್ದು. ನಮ್ಮ ಅಕ್ಷಾಂಶದಲ್ಲಿ ಸಂಜೆ ಬಹಳ ಗಿಡ್ಡ, ಸೂರ್ಯ ಮುಳುಗಿ ಹೆಚ್ಚು ಹೊತ್ತಾಗುವ ಮೊದಲೇ ನೀಲಿ ಕರಗಿ ಕಪ್ಪಾಗುತ್ತದೆ. ಅಷ್ಟರೊಳಗೆ, ಬೇಕಾದ್ದಕ್ಕಿಂತ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಅರ್ಧದಷ್ಟು ಬೆಳಕು) ಕಡಿಮೆ ಎಕ್ಸ್‌ಪೋಷರಿನಲ್ಲಿ ಹಿನ್ನೆಲೆಯನ್ನು ಹಿಡಿಯಬೇಕು. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ, ಅಂದರೆ ಹಳೆಯ ಬಲ್ಬಿನ ಬೆಳಕಿಗೆ ಹೊಂದಿಸಿದರೆ ಮುಸ್ಸಂಜೆ ತಾನಾಗಿ ನೀಲಿಗೆ ತಿರುಗುತ್ತದೆ. ಹೊಡೆಯುವ ಫ್ಲ್ಯಾಶಿಗೆ ಕಿತ್ತಳೆ ಬಣ್ಣದ ಹಾಳೆ ಕಟ್ಟಿದರೆ ಬೈಕಿನ ಮೇಲೆ ಮಾತ್ರ ಬೆಳಕು ಬಿಳಿಯಾಗಿಯೇ ಉಳಿಯುತ್ತದೆ. ಹಗಲನ್ನು ರಾತ್ರಿ ಮಾಡುವ ಈ ಉಪಾಯ ಸಿನಿಮಾದವರಿಂದ ಬಂದದ್ದು. ಹಾಲಿವುಡ್‌ನವರು ಅಷ್ಟು ಬಳಸಿದ್ದರಿಂದ ಫ್ರೆಂಚರು ಅದಕ್ಕೆ 'ಅಮೆರಿಕನ್ ರಾತ್ರಿ' ಎಂದೇ ಹೆಸರಿಟ್ಟರು.

ಕತ್ತಲಾದ ಮೇಲೆ ಕೆಲಸ ಬಿಗಿಯಾಗುತ್ತದೆ. ಸವಾರ ಹತ್ತುತ್ತಾನೆ. ಹಿಂದಿನಿಂದ ಭುಜ ಮತ್ತು ಹೆಲ್ಮೆಟ್ಟಿನ ಅಂಚಿಗೆ ಒಂದು ಫ್ಲ್ಯಾಶ್, ಮುಂದಿನಿಂದ ಮುಖಕ್ಕೆ ಮೆದುವಾದ ಇನ್ನೊಂದು. ಫ್ಲ್ಯಾಶ್ ಉರಿಯುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು, ಅಷ್ಟರಲ್ಲಿ ಯಾರೂ ಅಲುಗಲಾರರು. ಇಲ್ಲೊಂದು ಸೂಕ್ಷ್ಮವಿದೆ. ಸವಾರ ಇಳಿದ ಕೂಡಲೇ ಸ್ಪ್ರಿಂಗುಗಳ ಭಾರ ತಗ್ಗಿ ಬೈಕು ಮೇಲೇಳುತ್ತದೆ. ಆಮೇಲೆ ತೆಗೆದ ಟ್ಯಾಂಕು ಮೊದಲು ತೆಗೆದ ಟ್ಯಾಂಕಿನ ಮೇಲೆ ಕೂಡುವುದೇ ಇಲ್ಲ. ಆದ್ದರಿಂದ ಬಲ್ಲವರು ಬೈಕಿನ ಚಿತ್ರಗಳನ್ನೂ ಸವಾರನನ್ನು ಕೂರಿಸಿಕೊಂಡೇ ತೆಗೆಯುತ್ತಾರೆ, ಅವನಿಗೆ ಎಷ್ಟೇ ಕಾಲು ಜೋಮು ಹಿಡಿದರೂ.

ಟ್ಯಾಂಕಿಗೆ ಮೇಲಿನಿಂದ, ಬೆಳಕನ್ನು ಮೆದುವಾಗಿಸುವ ಉದ್ದನೆಯ ಸಾಫ್ಟ್‌ಬಾಕ್ಸ್. ಆ ಉದ್ದವೇ ಟ್ಯಾಂಕಿನ ಮೇಲಿನ ಬಿಳಿ ಗೆರೆಯಾಗುತ್ತದೆ. ಇಂಜಿನ್ನಿಗೆ ನೆಲಮಟ್ಟದಿಂದ ಓರೆಯಾಗಿ ಒಂದು ಬೆಳಕು, ಫಿನ್ನುಗಳ ನಡುವೆ ನೆರಳು ಕೂರುವಂತೆ. ಚಕ್ರದ ಕಡ್ಡಿಗಳಿಗೆ ಹಿಂದಿನಿಂದ ಒಂದು. ಹೆಡ್‌ಲೈಟಿಗೆ ಪ್ರತ್ಯೇಕ ಚಿತ್ರ ಬೇಕೇಬೇಕು, ಅದೂ ತೀರ ಕಡಿಮೆ ಎಕ್ಸ್‌ಪೋಷರಿನಲ್ಲಿ. ಇಲ್ಲವಾದರೆ ಗಾಜಿನ ಗೀರುಗಳೆಲ್ಲ ಬಿಳಿಯಲ್ಲಿ ಮುಳುಗಿಹೋಗುತ್ತವೆ. ಹಳೆಯ ಜಾವಾಗಳದು 6 ವೋಲ್ಟಿನ ವ್ಯವಸ್ಥೆ, ಇಂಜಿನ್ ನಿಧಾನವಾದರೆ ದೀಪವೂ ಮಂಕಾಗುತ್ತದೆ. ಅವುಗಳ ಹಳದಿ ಮಿಶ್ರಿತ ಆ ಬೆಳಕನ್ನು ಬಿಳಿ ಮಾಡಿ 'ಸರಿಪಡಿಸುವವರನ್ನು' ಕಂಡರೆ ನನಗೆ ಸಂಕಟವಾಗುತ್ತದೆ, ಆ ಬೈಕಿನ ಗುರುತೇ ಅದು. ಕೊನೆಗೆ ಹೊಗೆ. ಹೊಗೆ ಹಿಂದಿನಿಂದ ಬೆಳಕು ಬಿದ್ದರೆ ಚೆನ್ನಾಗಿ ಕಾಣುತ್ತದೆ. ಗಾಳಿ ಬೀಸಿದರೆ ಅದೂ ಹೋಯಿತು.

ಕಂಪ್ಯೂಟರಿನಲ್ಲಿ ಈ ಚಿತ್ರಗಳನ್ನು ಲೇಯರುಗಳಾಗಿ ಪೇರಿಸಿ 'ಲೈಟನ್' ಎಂಬ ವಿಧಾನ ಆರಿಸುತ್ತಾರೆ. ಪ್ರತಿ ಬಿಂದುವಿನಲ್ಲಿ ಯಾವ ಲೇಯರ್ ಹೆಚ್ಚು ಬೆಳಕಾಗಿದೆಯೋ ಅದು ಉಳಿಯುತ್ತದೆ. ದೀಪ ಹಿಡಿದು ಚಿತ್ರದೊಳಗೇ ನಿಂತ ಸಹಾಯಕ, ಕಪ್ಪು ಬಟ್ಟೆ ತೊಟ್ಟು ತನ್ನ ಮೇಲೆ ಬೆಳಕು ಬೀಳದಂತೆ ನೋಡಿಕೊಂಡಿದ್ದರೆ, ತಾನಾಗಿ ಮಾಯವಾಗುತ್ತಾನೆ. ಬೇಡದ ಹೊಳಪನ್ನು ಮಾಸ್ಕ್ ಬಳಸಿ ಮರೆಮಾಡುತ್ತಾರೆ. ಇದು ತಾಳ್ಮೆಯ ಕೆಲಸ, ಆದರೆ ನನ್ನ ದೃಷ್ಟಿಯಲ್ಲಿ ಕಲೆಯ ತಿರುಳು ಇಲ್ಲಿಲ್ಲ. ಚಿತ್ರ ಗೆಲ್ಲುವುದೂ ಸೋಲುವುದೂ ಒಂದು ಪ್ರಶ್ನೆಯ ಮೇಲೆ: ಈ ಬೆಳಕು ಎಲ್ಲಿಂದ ಬಂತು? ಚಿತ್ರದಲ್ಲಿ ಎಷ್ಟು ಬೆಳಕಿದ್ದರೂ ಪ್ರತಿಯೊಂದಕ್ಕೂ ಚಿತ್ರದೊಳಗೇ ಒಂದು ಕಾರಣ ಇರಬೇಕು. ಭುಜದ ಅಂಚಿನ ಹೊಳಪಿಗೆ ಬೀದಿದೀಪವೋ, ಎದುರು ಬರುವ ಲಾರಿಯೋ, ಚಂದ್ರನೋ ಹೊಣೆಯಾಗಬೇಕು. ಹೆಡ್‌ಲೈಟ್ ಉರಿಯುತ್ತಿದ್ದರೆ ಮುಂದಿನ ರಸ್ತೆ ಬೆಳಗಬೇಕು, ಹಿಂದಿನ ದೀಪದ ಕೆಂಪು ನೆಲದ ನೀರಿನಲ್ಲಿ ಬೀಳಬೇಕು. ಟೈರು ನೆಲ ಮುಟ್ಟುವ ಕಡೆ ಗಟ್ಟಿ ನೆರಳಿಲ್ಲದ ಬೈಕು ಗಾಳಿಯಲ್ಲಿ ತೇಲುತ್ತದೆ. ಹುಣ್ಣಿಮೆಯ ಚಂದ್ರನ ಪಕ್ಕದಲ್ಲೇ ಕ್ಷೀರಪಥವನ್ನು ಹರಡುವ ಚಿತ್ರಗಳಿಗಂತೂ ಕೊರತೆಯಿಲ್ಲ, ಬೆಳದಿಂಗಳಿನಲ್ಲಿ ಕ್ಷೀರಪಥ ಅಳಿಸಿಹೋಗುತ್ತದೆ ಎಂಬುದು ಹಳ್ಳಿಯ ಅಂಗಳದಲ್ಲಿ ಮಲಗಿದ ಯಾರಿಗಾದರೂ ಗೊತ್ತು.

ಕಾರಣವಿರುವ ಬೆಳಕು ಎಂದರೇನು ಎಂದು ತೋರಿಸಿಕೊಟ್ಟವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ದೊಡ್ಡವರು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಹಾಡಿನಲ್ಲಿ ಖಾಲಿ ಸ್ಟುಡಿಯೋದ ಕತ್ತಲನ್ನು ಸೀಳಿ ಇಳಿಯುವ ಆ ಬೆಳಕಿನ ಕೋಲನ್ನು ಅವರು ಪಡೆದದ್ದು, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ಅದು ಎಷ್ಟೇ ನಾಟಕೀಯವಾಗಿ ಕಂಡರೂ ನೋಡುವವರಿಗೆ ಸುಳ್ಳೆನಿಸುವುದಿಲ್ಲ, ಎತ್ತರದ ಕಿಂಡಿಯಿಂದ ಬಿಸಿಲು ಹೀಗೆಯೇ ಬೀಳುತ್ತದೆ. ಮುಂದೆ ಅವರು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು.

ಬಣ್ಣದ ವಿಷಯದಲ್ಲಿ ಜಾವಾ ಒಡ್ಡುವ ಸವಾಲೇ ಬೇರೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗೆ ಕುರುಡಾಗುತ್ತ, ನೀಲಿಗೆ ಚುರುಕಾಗುತ್ತ ಹೋಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿ ಬರೆದವನು ಯಾನ್ ಪುರ್ಕಿನ್ಯೆ ಎಂಬ ವಿಜ್ಞಾನಿ, ಜಾವಾದಂತೆಯೇ ಅವನೂ ಜೆಕ್ ನಾಡಿನವ. ಬೆಳದಿಂಗಳಿನ ಬಣ್ಣವನ್ನು ಅಳೆದರೆ ಬಿಸಿಲಿಗಿಂತ ತುಸು ಬೆಚ್ಚಗೇ ಇರುತ್ತದೆ. ಆದರೂ ಚಿತ್ರಗಳಲ್ಲಿ ರಾತ್ರಿ ನೀಲಿಯಾಗಿದ್ದರೆ ಮನಸ್ಸು ಒಪ್ಪುವುದಕ್ಕೆ ಕಣ್ಣಿನ ಈ ಗುಣವೂ ಒಂದು ಕಾರಣ. ಇದೇ ನಿಯಮದಂತೆ ನಡೆದರೆ ಕಡುಗೆಂಪು ಟ್ಯಾಂಕು ರಾತ್ರಿಯಲ್ಲಿ ಕಪ್ಪಾಗಬೇಕು. ಪೂರ್ತಿ ಕೆಂಪಾಗಿಸಿದರೆ ಹಗಲು ಇಣುಕುತ್ತದೆ, ಪೂರ್ತಿ ಕಪ್ಪಾಗಿಸಿದರೆ ಅದು ಮೈಸೂರಿನ ಜಾವಾ ಅನ್ನಿಸುವುದಿಲ್ಲ. ಒಳ್ಳೆಯ ಕೈಗಳು ದೀಪ ನೇರ ತಾಗುವ ಅಂಗೈಯಗಲದ ಜಾಗದಲ್ಲಷ್ಟೇ ಕೆಂಪನ್ನು ಉಳಿಸಿ, ಮಿಕ್ಕದ್ದನ್ನು ಕತ್ತಲಿಗೆ ಬಿಡುತ್ತವೆ. ಊರಿನ ರಾತ್ರಿಯ ಬಣ್ಣವೂ ಕಾಲದಿಂದ ಕಾಲಕ್ಕೆ ಬದಲಾಗಿದೆ. ಸೋಡಿಯಂ ದೀಪಗಳ ಕಿತ್ತಳೆ ಹೋಗಿ ಎಲ್‌ಇಡಿಯ ಬಿಳಿ ಬಂದಿದೆ. ಹಳೆಯ ಬೈಕಿಗೆ ಹಳೆಯ ಕಾಲದ ನೋಟ ಕೊಡಬೇಕೆಂದರೆ ಬೀದಿದೀಪದ ಬಣ್ಣವನ್ನೂ ಹಿಂದಕ್ಕೆ ಒಯ್ಯಬೇಕು.

ಇದು ಕಟ್ಟಿದ ಚಿತ್ರ ಎಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ, ಹೇಳದಿರುವುದರಲ್ಲಿ ತೊಂದರೆಯಿದೆ. ಸುದ್ದಿಚಿತ್ರದ ಲೋಕದಲ್ಲಿ ಒಂದು ಕಂಬವನ್ನು ಅಳಿಸುವುದೂ ಅಪರಾಧ. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆ, ಚಿತ್ರದಲ್ಲಿ ಏನನ್ನಾದರೂ ಸೇರಿಸಿದ್ದು, ತೆಗೆದದ್ದು ಕಂಡುಬಂದರೆ ಅದನ್ನು ಹೊರಗಿಡುತ್ತದೆ. ಜಾಹೀರಾತಿಗೂ ಕಲಾಚಿತ್ರಕ್ಕೂ ಆ ಕಟ್ಟಳೆ ಇಲ್ಲ. ನಾಲ್ಕು ಪದ ಟೈಪಿಸಿದರೆ ಇಂಥದೇ ಚಿತ್ರವನ್ನು ಯಂತ್ರವೇ ಕೊಡುವ ದಿನಗಳಿವು. ಆದರೆ ಅದು ಯಾರದೂ ಅಲ್ಲದ ಬೈಕು. ತಂದೆ ಓಡಿಸಿದ ಯೆಜ್ಡಿಯ ಟ್ಯಾಂಕಿನ ಮೇಲಿನ ತಗ್ಗು, ಬೆಸುಗೆ ಹಾಕಿದ ಮಡ್‌ಗಾರ್ಡು, ಸವೆದ ಕಿಕ್ಕರ್ ಬೇಕೆನ್ನುವವರು ದೀಪ ಹಿಡಿದು ಆ ಬೈಕಿನ ಮುಂದೆಯೇ ನಿಲ್ಲಬೇಕು.

ಕಲಿಯಬೇಕೆನ್ನುವವರಿಗೆ ಆರಂಭದ ಖರ್ಚು ಹೆಚ್ಚಿಲ್ಲ. ಮ್ಯಾನುವಲ್ ಎಕ್ಸ್‌ಪೋಷರ್ ಇರುವ ಯಾವುದೇ ಕ್ಯಾಮೆರಾ, ಅಲುಗದ ಟ್ರೈಪಾಡ್, ಒಂದು ಟಾರ್ಚು ಅಥವಾ ಎಲ್‌ಇಡಿ ಕೋಲು, ಬೆಳಕನ್ನು ಮೆದುವಾಗಿಸಲು ಒಂದು ಬಿಳಿ ಪಂಚೆ ಸಾಕು. ಫೋಟೋಶಾಪಿನ ಚಂದಾ ಭಾರವೆನಿಸಿದರೆ ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ಲೇಯರು, ಮಾಸ್ಕು, ಲೈಟನ್ ಎಲ್ಲ ಇವೆ. ಮೊದಲ ಪ್ರಯೋಗಕ್ಕೆ ಸವಾರ ಬೇಡ, ಓಡಾಟದ ರಸ್ತೆಯಂತೂ ಬೇಡವೇ ಬೇಡ. ಮನೆಯಂಗಳದಲ್ಲಿ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಒಂದೇ ಬೆಳಕನ್ನು ಹಿಂದಿನಿಂದ, ಮೇಲಿನಿಂದ, ಪಕ್ಕದಿಂದ ಬೀಳಿಸಿ ಮೂರು ಚಿತ್ರ ತೆಗೆದು ಕೂಡಿಸಿ ನೋಡಿ. ಮೂರರ ನೆರಳುಗಳೂ ಒಂದಕ್ಕೊಂದು ಒಪ್ಪಿದರೆ, ಮುಂದಿನ ಪ್ರಯೋಗಕ್ಕೆ ಸವಾರನನ್ನು ಕರೆಯಬಹುದು.