ಅನ್ನನಾಳದ ಲಿಂಫೋಮಾ: ಒಂದು ವಿರಳ ವ್ಯಾಧಿಯ ನಿದಾನವೂ ಚಿಕಿತ್ಸೆಯೂ

ಮಾನವದೇಹದ ಅಂಗಗಳಲ್ಲಿ ಅನ್ನನಾಳವು ಅತ್ಯಂತ ಸರಳವಾದುದೆಂದು ತೋರುತ್ತದೆ. ಸುಮಾರು ೨೫ ಸೆಂಟಿಮೀಟರು ಉದ್ದದ ಈ ಕೊಳವೆಯು ಗಂಟಲಿನಿಂದ ಹೊರಟು, ಶ್ವಾಸನಾಳದ ಹಿಂಭಾಗದಲ್ಲಿಳಿದು, ಎದೆಯನ್ನು ಹಾದು, ವಪೆಯನ್ನು ದಾಟಿ ಜಠರವನ್ನು ಸೇರುತ್ತದೆ. ಅದು ಅನ್ನವನ್ನು ಪಚನಮಾಡುವುದಿಲ್ಲ, ರಸವನ್ನು ಹೀರುವುದಿಲ್ಲ. ಬಾಯಿಯಿಂದ ಬಂದ ತುತ್ತನ್ನು ಜಠರಕ್ಕೆ ಒಪ್ಪಿಸುವುದಷ್ಟೇ ಅದರ ಕಾರ್ಯ. ಆದರೂ ಆ ದಾರಿ ಮುಚ್ಚಿಹೋದರೆ, ಷಡ್ರಸೋಪೇತವಾದ ಭೋಜನವು ಎದುರಿಗಿದ್ದರೂ ಮನುಷ್ಯನು ಉಪವಾಸದಿಂದ ಕೃಶನಾಗುತ್ತಾನೆ. ಆ ದಾರಿಯಲ್ಲಿ ಬಹು ವಿರಳವಾಗಿ ಹುಟ್ಟುವ ಲಿಂಫೋಮಾ ಎಂಬ ವ್ಯಾಧಿಯನ್ನು ಕುರಿತು ಪ್ರಕೃತ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಉದ್ಯುಕ್ತರಾಗಿದ್ದೇವೆ.

ಇಷ್ಟು ವಿರಳವಾದುದನ್ನು ಗೃಹಸ್ಥರು ಓದುವ ಪತ್ರಿಕೆಯಲ್ಲಿ ಏತಕ್ಕೆ ವಿವರಿಸಬೇಕೆಂದು ಕೆಲವರು ಕೇಳಬಹುದು. ಅದಕ್ಕೆ ಬಲವಾದ ಕಾರಣವುಂಟು. ಈ ವ್ಯಾಧಿಯ ಹೊರಗಣ ಲಕ್ಷಣಗಳೆಲ್ಲವೂ ಅನ್ನನಾಳದ ಸಾಮಾನ್ಯ ಕ್ಯಾನ್ಸರಿನ ಲಕ್ಷಣಗಳೇ ಆಗಿರುತ್ತವೆ. ಆದರೆ ಚಿಕಿತ್ಸೆ ಮಾತ್ರ ತೀರ ಬೇರೆ. ಒಂದರಲ್ಲಿ ಅನ್ನನಾಳವನ್ನೇ ಕೊಯ್ದು ತೆಗೆಯಬೇಕಾಗಿ ಬರಬಹುದು. ಇನ್ನೊಂದರಲ್ಲಿ ಬಹುಮಟ್ಟಿಗೆ ಔಷಧಗಳಿಂದಲೇ ಗಡ್ಡೆ ಕರಗುವುದುಂಟು. ವ್ಯಾಧಿಯ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ನಾವು ವೈದ್ಯರಲ್ಲ, ಪಾಠ ಹೇಳಿ ಬಾಳಿದವರು. ಆದರೂ ಹೆಸರನ್ನು ಸರಿಯಾಗಿ ಹೇಳುವುದರ ಬೆಲೆಯನ್ನು ಬಲ್ಲೆವು.

ಲಿಂಫೋಮಾ ಎಂದರೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸವನ್ನು ಒಯ್ಯುವ ಸೂಕ್ಷ್ಮನಾಳಗಳೂ, ಅವುಗಳ ನಡುನಡುವೆ ಅವರೆಕಾಳಿನಂಥ ಗ್ರಂಥಿಗಳೂ ಇವೆ. ಅಲ್ಲಿ ವಾಸಿಸುವ ಲಿಂಫೊಸೈಟ್ ಎಂಬ ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುವ ಕಾವಲುಗಾರರು. ಆ ಕಾವಲುಗಾರರಲ್ಲಿ ಒಬ್ಬನು ಕಟ್ಟಳೆಯನ್ನು ಮೀರಿ ಮಿತಿಯಿಲ್ಲದೆ ವೃದ್ಧಿಹೊಂದಿದರೆ ಅದೇ ಲಿಂಫೋಮಾ. ೧೮೩೨ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯನು ಇಂಥ ಗ್ರಂಥಿರೋಗವನ್ನು ವರ್ಣಿಸಿದ್ದರಿಂದ, ಒಂದು ಬಗೆಗೆ ಅವನ ಹೆಸರೇ ನಿಂತಿತು; ಉಳಿದ ಬಗೆಗಳೆಲ್ಲಕ್ಕೂ ‘ನಾನ್ ಹಾಡ್ಜ್‌ಕಿನ್’ ಎಂಬ ಹೆಸರು ರೂಢಿಯಾಯಿತು. ಅನ್ನನಾಳದಲ್ಲಿ ಹುಟ್ಟುವುದು ಪ್ರಾಯಶಃ ಈ ಎರಡನೆಯ ವರ್ಗಕ್ಕೆ ಸೇರಿದುದು.

ಗ್ರಂಥಿಗಳ ಹೊರಗೆ ಈ ವ್ಯಾಧಿಯು ಹೆಚ್ಚಾಗಿ ನೆಲಸುವುದು ಜೀರ್ಣಮಾರ್ಗದಲ್ಲಿ. ಅಲ್ಲಿಯೂ ಜಠರವೇ ಅದರ ಮುಖ್ಯ ನೆಲೆ. ಅನಂತರ ಸಣ್ಣ ಕರುಳು, ದೊಡ್ಡ ಕರುಳು. ಅನ್ನನಾಳದ ಪಾಲಿಗೆ ಬರುವುದು ನೂರಕ್ಕೆ ೧ಕ್ಕಿಂತಲೂ ಕಡಮೆ. ಅನ್ನನಾಳದ ಗೋಡೆಯಲ್ಲಿ ಲಿಂಫೊಸೈಟುಗಳ ನೆಲೆಗಳು ಸ್ವಭಾವತಃ ವಿರಳವಾಗಿರುವುದೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಕಂಡುಬರುವವುಗಳಲ್ಲಿಯೂ ಹಲವು, ಎದೆಯೊಳಗಿನ ಗ್ರಂಥಿಗಳಿಂದಲೋ ಜಠರದಿಂದಲೋ ಹಬ್ಬಿ ಬಂದವು. ಅಲ್ಲಿಯೇ ಹುಟ್ಟಿದ ರೋಗವನ್ನು ಹಬ್ಬಿ ಬಂದುದರಿಂದ ಬೇರ್ಪಡಿಸುವುದಕ್ಕಾಗಿ ೧೯೬೧ರಲ್ಲಿ ಡಾಸನ್ ಮೊದಲಾದ ಆಂಗ್ಲ ವೈದ್ಯರು ಜೀರ್ಣಮಾರ್ಗಕ್ಕೆಲ್ಲ ಅನ್ವಯಿಸುವ ಲಕ್ಷಣಗಳನ್ನು ಗೊತ್ತುಮಾಡಿದರು: ಮೈಮೇಲೆ ಕೈಗೆ ಸಿಗುವ ಗ್ರಂಥಿಗಳಿರಬಾರದು, ಎದೆಯ ಕ್ಷಕಿರಣಚಿತ್ರದಲ್ಲಿ ಗ್ರಂಥಿಗಳು ಊದಿರಬಾರದು, ರಕ್ತದ ಬಿಳಿಯ ಕಣಗಳು ಕ್ರಮವಾಗಿರಬೇಕು, ಯಕೃತ್ತೂ ಪ್ಲೀಹವೂ ನಿರ್ದುಷ್ಟವಾಗಿರಬೇಕು, ರೋಗದ ಮುಖ್ಯಭಾಗವು ಆ ಅಂಗದಲ್ಲಿಯೇ ಇರಬೇಕು.

ಇನ್ನು ಲಕ್ಷಣಗಳು. ಇವನ್ನು ವೈದ್ಯನಿಗಿಂತ ಮೊದಲು ಕಾಣಬಲ್ಲವರು ಅಡುಗೆಮನೆಯಲ್ಲಿರುವವರು. ನಿತ್ಯವೂ ಮುದ್ದೆಯನ್ನು ಸಲೀಸಾಗಿ ನುಂಗುತ್ತಿದ್ದ ಹಿರಿಯರೊಬ್ಬರು ಅದನ್ನು ಬೇಡವೆನ್ನುತ್ತಾರೆ. ರೊಟ್ಟಿಯನ್ನು ಬಿಡುತ್ತಾರೆ, ಹಲ್ಲಿನ ನೆಪವನ್ನು ಹೇಳುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಅನ್ನಕ್ಕೆ ಮಜ್ಜಿಗೆಯನ್ನು ಹೆಚ್ಚಾಗಿ ಸುರಿಸಿಕೊಂಡು, ಪ್ರತಿ ತುತ್ತಿಗೂ ನೀರು ಕುಡಿಯುತ್ತಾರೆ. ಕೊನೆಗೆ ಗಂಜಿಯೊಂದೇ ಇಳಿಯುತ್ತದೆ. ನುಂಗುವಾಗ ಎದೆಯ ಮಧ್ಯದಲ್ಲಿ ನೋವು, ಕೆಲವರಲ್ಲಿ ಧ್ವನಿಯ ಒಡಕು, ಕೆಮ್ಮು, ಮೈಯಿಳಿತ ಇವೂ ಕಾಣುತ್ತವೆ. ಕಾರಣವಿಲ್ಲದ ಜ್ವರವೂ, ಹಾಸಿಗೆ ತೊಯ್ಯುವಷ್ಟು ರಾತ್ರಿಯ ಬೆವರೂ ಜತೆಗಿದ್ದರೆ ಲಿಂಫೋಮಾದ ಶಂಕೆಗೆ ಅವಕಾಶವುಂಟು. ಆದರೆ ಅವಿಲ್ಲದ ಮಾತ್ರಕ್ಕೆ ಶಂಕೆಯನ್ನು ಬಿಡಲಾಗದು. ಮೊದಲು ಗಟ್ಟಿಯಾದುದು, ಆಮೇಲೆ ಮೆದುವಾದುದು, ಹೀಗೆ ಕ್ರಮವಾಗಿ ತಡೆ ಹೆಚ್ಚುತ್ತಿದ್ದರೆ, ಅದನ್ನು ವಾಯುವೆಂದೋ ವಯಸ್ಸೆಂದೋ ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಅಲ್ಲಿ ಮೊದಲು ನಡೆಯುವುದು ಎಂಡೊಸ್ಕೋಪಿ. ೧೮೬೮ರಲ್ಲಿ ಜರ್ಮನಿಯ ಕುಸ್ಮಾಲ್ ಎಂಬ ವೈದ್ಯನು, ಕತ್ತಿಯನ್ನು ನುಂಗಿ ತೋರಿಸುವ ಒಬ್ಬ ಆಟಗಾರನ ಗಂಟಲಿನಲ್ಲಿ ನೇರವಾದ ಲೋಹದ ಕೊಳವೆಯನ್ನಿಳಿಸಿ ಜಠರವನ್ನು ನೋಡಲು ಯತ್ನಿಸಿದನು. ೧೯೫೭ರಲ್ಲಿ ಹರ್ಷೊವಿಟ್ಸ್ ಎಂಬಾತನು ಬಾಗುವ ಗಾಜಿನ ಎಳೆಗಳ ಯಂತ್ರವನ್ನು ಸಿದ್ಧಪಡಿಸಿದ ಮೇಲೆ ಈ ಕಾರ್ಯವು ಸುಗಮವಾಯಿತು. ಇಂದು ಇದು ಕೆಲವೇ ನಿಮಿಷಗಳ ಪರೀಕ್ಷೆ, ಇದಕ್ಕಾಗಿ ಅಂಜಬೇಕಾದುದಿಲ್ಲ. ಆದರೆ ಲಿಂಫೋಮಾಕ್ಕೆ ತನ್ನದೇ ಆದ ಮುಖವಿಲ್ಲ. ಒಬ್ಬರಲ್ಲಿ ಅದು ಹುಣ್ಣಿನಂತೆಯೂ, ಇನ್ನೊಬ್ಬರಲ್ಲಿ ಗಂಟುಗಳಂತೆಯೂ, ಮತ್ತೊಬ್ಬರಲ್ಲಿ ಬರಿಯ ಸಂಕೋಚದಂತೆಯೂ ತೋರುತ್ತದೆ. ಅನ್ನನಾಳದ ಕೆಳಬಾಗಿಲು ತೆರೆಯದಿರುವ ಅಕಲೇಸಿಯಾ ಎಂಬ ರೋಗವನ್ನು ಅದು ಅನುಕರಿಸಿದ ಪ್ರಸಂಗಗಳೂ ಉಂಟು. ಆದ್ದರಿಂದ ಕಣ್ಣಿನ ನೋಟದಿಂದಲೇ ನಿರ್ಣಯಿಸಲಾಗದು.

ನಿರ್ಣಯಕ್ಕೆ ಬಯಾಪ್ಸಿಯೇ, ಅಂದರೆ ಮಾಂಸದ ಚೂರನ್ನು ಚಿವುಟಿ ತೆಗೆದು ಪರೀಕ್ಷಿಸುವುದೇ ಆಧಾರ. ಇಲ್ಲಿಯೇ ಈ ವ್ಯಾಧಿಯ ದೊಡ್ಡ ವಂಚನೆಯಿರುವುದು. ಸಾಮಾನ್ಯ ಕ್ಯಾನ್ಸರು ಅನ್ನನಾಳದ ಒಳಪೊರೆಯಲ್ಲಿಯೇ ಹುಟ್ಟುವುದರಿಂದ ಮೇಲಿನ ಚೂರಿನಲ್ಲಿ ಸಿಕ್ಕಿಬೀಳುತ್ತದೆ. ಲಿಂಫೋಮಾವಾದರೋ ಅನೇಕವೇಳೆ ಒಳಪೊರೆಯ ಕೆಳಗೆ ಹರಡಿಕೊಂಡು, ಮೇಲಿನ ಪೊರೆಯನ್ನು ನಿರ್ದುಷ್ಟವಾಗಿಯೇ ಉಳಿಸಿರುತ್ತದೆ. ಮೇಲಿನ ಚೂರನ್ನು ನೋಡಿದ ಪರೀಕ್ಷಕರು ‘ಕ್ಯಾನ್ಸರು ಕಾಣಲಿಲ್ಲ’ ಎಂದು ಬರೆಯಬಹುದು. ಅವರ ಮಾತು ಸತ್ಯ, ರೋಗವಿರುವುದೂ ಸತ್ಯ! ಮನೆಯವರು ಹಬ್ಬಮಾಡಿ ಸುಮ್ಮನಾದರೆ ಅಮೂಲ್ಯವಾದ ಕಾಲವು ನಷ್ಟವಾಗುತ್ತದೆ. ನುಂಗುವ ಕಷ್ಟ ಉಳಿದಿದ್ದರೆ ಎರಡನೆಯ ಬಾರಿ, ಇನ್ನೂ ಆಳದಿಂದ ಚೂರನ್ನು ತೆಗೆಯಿಸಬೇಕು. ಧ್ವನಿತರಂಗಗಳಿಂದ ಗೋಡೆಯ ಪದರಗಳನ್ನು ತೋರಿಸುವ ಎಂಡೊಸ್ಕೋಪಿಕ್ ಅಲ್ಟ್ರಾಸೌಂಡ್ ಎಂಬ ಉಪಕರಣವು ಇದಕ್ಕೆ ಸಹಾಯಕ. ಅದರ ಮಾರ್ಗದರ್ಶನದಲ್ಲಿ ಸೂಜಿಯನ್ನು ಆಳದ ಪದರಕ್ಕೆ ಸೇರಿಸಬಹುದು.

ಆಯುರ್ವೇದದಲ್ಲಿ ರೋಗನಿರ್ಣಯಕ್ಕೆ ‘ನಿದಾನ’ವೆಂದು ಹೆಸರು. ಚರಕಸಂಹಿತೆಯಲ್ಲಿ ಅದಕ್ಕೆ ಒಂದು ಸ್ಥಾನವೇ ಮೀಸಲಾಗಿದೆ. ಮಾಧವಕರನ ಗ್ರಂಥವು ಆ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬಾಲಕರು ಈ ಅಲ್ಪಪ್ರಾಣವನ್ನು ಮಹಾಪ್ರಾಣಮಾಡಿ ‘ನಿಧಾನ’ವೆಂದು ಬರೆಯುವುದನ್ನು ನಾವು ಅನೇಕ ವರ್ಷ ತಿದ್ದುತ್ತ ಬಂದೆವು. ಈ ವ್ಯಾಧಿಯಲ್ಲಿ ಮಾತ್ರ ಎರಡೂ ಬೇಕು. ವೈದ್ಯರಲ್ಲಿಗೆ ಹೋಗುವುದರಲ್ಲಿ ನಿಧಾನ ಕೂಡದು. ಹೋದ ಮೇಲೆ ನಿದಾನವು ಪೂರ್ಣವಾಗುವ ತನಕ ಚಿಕಿತ್ಸೆಗೆ ಆತುರಪಡದೆ ನಿಧಾನಿಸಬೇಕು.

ಸಿಕ್ಕಿದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ಸಾಲದು. ಕಣಗಳ ಮೈಮೇಲಿರುವ ಗುರುತುಗಳನ್ನು ವಿಶೇಷ ವರ್ಣಪ್ರಯೋಗಗಳಿಂದ ಪತ್ತೆಹಚ್ಚುತ್ತಾರೆ. ಬಿ ಜಾತಿಯ ಲಿಂಫೊಸೈಟುಗಳ ಮೇಲೆ ಸಿ.ಡಿ. ೨೦ ಎಂಬ ಗುರುತು ಇರುತ್ತದೆ. ಅನ್ನನಾಳದಲ್ಲಿ ಹೆಚ್ಚಾಗಿ ಸಿಗುವುದು, ದೊಡ್ಡ ಬಿ ಕಣಗಳು ಎಲ್ಲೆಡೆಯೂ ಹರಡಿಕೊಂಡಿರುವ ತೀವ್ರಗತಿಯ ಬಗೆ; ಮಂದಗತಿಯ ಮಾಲ್ಟ್ ಎಂಬ ಬಗೆಯೂ ಉಂಟು. ಇಲ್ಲಿ ಒಂದು ಎಚ್ಚರಿಕೆ: ಬಯಾಪ್ಸಿಗೆ ಮೊದಲೇ ಯಾರಾದರೂ ನೋವು ಶಮನಕ್ಕೆಂದು ಸ್ಟಿರಾಯ್ಡ್ ಮಾತ್ರೆಗಳನ್ನು ಕೊಟ್ಟರೆ, ಗಡ್ಡೆಯು ತಾತ್ಕಾಲಿಕವಾಗಿ ಕುಗ್ಗಿ ನಿರ್ಣಯವು ಮಸಕಾಗಬಹುದು. ಆದಕಾರಣ ಸೇವಿಸಿದ ಔಷಧಗಳೆಲ್ಲವನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು.

ಹೆಸರು ನಿಶ್ಚಯವಾದ ಮೇಲೆ ರೋಗದ ವ್ಯಾಪ್ತಿಯನ್ನಳೆಯುತ್ತಾರೆ. ಪೆಟ್-ಸಿ.ಟಿ. ಎಂಬ ಚಿತ್ರಣದಿಂದ ದೇಹವೆಲ್ಲವನ್ನೂ ಶೋಧಿಸುತ್ತಾರೆ. ಅಗತ್ಯವಿದ್ದರೆ ಮೂಳೆಯ ಮಜ್ಜೆಯನ್ನೂ ನೋಡುತ್ತಾರೆ. ಹೆಚ್.ಐ.ವಿ. ಸೋಂಕಿನಿಂದ ರೋಗನಿರೋಧಶಕ್ತಿ ಕುಂದಿದವರಲ್ಲಿ ಈ ವ್ಯಾಧಿಯು ಹೆಚ್ಚಾದ್ದರಿಂದ ಅದರ ಪರೀಕ್ಷೆಯೂ, ಮುಂದೆ ಕೊಡುವ ಔಷಧದಿಂದ ಹೆಪಟೈಟಿಸ್ ಬಿ ಮರುಕಳಿಸಬಹುದಾದ್ದರಿಂದ ಅದರ ಪರೀಕ್ಷೆಯೂ, ಹೃದಯದ ಬಲದ ಪರೀಕ್ಷೆಯೂ ಆವಶ್ಯಕ. ಇಷ್ಟೆಲ್ಲ ಪರೀಕ್ಷೆಗಳನ್ನು ಕಂಡು ರೋಗಿಯ ಬಂಧುಗಳು ಬೇಸರಪಡಬಾರದು.

ಚಿಕಿತ್ಸೆಯ ವಿಷಯ. ರೋಗವು ಅತಿ ವಿರಳವಾದುದರಿಂದ ಇದೊಂದನ್ನೇ ಕುರಿತ ದೊಡ್ಡ ಪ್ರಯೋಗಗಳು ನಡೆದಿಲ್ಲ. ಬೇರೆಡೆಯ ದೊಡ್ಡ ಬಿ ಕಣಗಳ ಲಿಂಫೋಮಾಕ್ಕೆ ಸಿದ್ಧವಾದ ಕ್ರಮವನ್ನೇ ಇಲ್ಲಿಯೂ ಅನುಸರಿಸುತ್ತಾರೆ. ಅದಕ್ಕೆ ‘ಆರ್-ಚಾಪ್’ ಎಂದು ಹೆಸರು. ಐದು ಔಷಧಗಳು, ಸಾಮಾನ್ಯವಾಗಿ ೨೧ ದಿನಗಳಿಗೊಂದರಂತೆ ಆರು ಆವೃತ್ತಿಗಳು. ಇವುಗಳ ಹುಟ್ಟು ಆಶ್ಚರ್ಯಕರವಾದುದು. ಸೈಕ್ಲೊಫಾಸ್ಫಮೈಡ್ ಎಂಬುದು, ೧೯೪೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲಿಂಫೋಮಾ ರೋಗಿಯೊಬ್ಬನಿಗೆ ಪ್ರಯೋಗಿಸಿದ ನೈಟ್ರೊಜನ್ ಮಸ್ಟರ್ಡಿನ ವಂಶದ್ದು. ಆ ವಂಶದ ಮೂಲವು ಯುದ್ಧದ ವಿಷಾನಿಲ! ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧವು ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದುದು. ವಿಂಕ್ರಿಸ್ಟಿನ್ ನಮ್ಮ ಅಂಗಳಗಳಲ್ಲಿ ಅರಳುವ ನಿತ್ಯಪುಷ್ಪದ, ಎಂದರೆ ಕಾಶಿಕಣಗಿಲೆಯ, ಗಿಡದಿಂದ ತೆಗೆದುದು. ಹಾಗೆಂದು ಆ ಎಲೆಗಳನ್ನು ಅರೆದು ಕುಡಿಯುವುದು ಅಪಾಯಕರ. ಮದ್ದಿಗೂ ವಿಷಕ್ಕೂ ಪ್ರಮಾಣವೇ ಗಡಿ. ನಾಲ್ಕನೆಯದು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್.

ಐದನೆಯದಾದ ರಿಟುಕ್ಸಿಮಾಬ್, ಸಿ.ಡಿ. ೨೦ ಗುರುತನ್ನೇ ಹುಡುಕಿ ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯ. ೧೯೭೫ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಕಂಡುಹಿಡಿದ ವಿಧಾನದ ಫಲವಾಗಿ ಇಂಥ ಔಷಧಗಳು ಸಾಧ್ಯವಾದವು. ೬೦ರಿಂದ ೮೦ ವರ್ಷ ವಯಸ್ಸಿನ ದೊಡ್ಡ ಬಿ ಕಣಗಳ ಲಿಂಫೋಮಾ ರೋಗಿಗಳಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಫ್ರೆಂಚ್ ವೈದ್ಯರ ಪ್ರಯೋಗದಲ್ಲಿ, ಹಳೆಯ ನಾಲ್ಕು ಔಷಧಗಳಿಂದ ನೂರಕ್ಕೆ ೬೩ ಮಂದಿಯಲ್ಲಿ ರೋಗದ ಕುರುಹು ಮರೆಯಾದರೆ, ಇದನ್ನು ಸೇರಿಸಿದಾಗ ೭೬ ಮಂದಿಯಲ್ಲಿ ಮರೆಯಾಯಿತು. ೨೦೦೭ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆಯು ಇದನ್ನು ನಮ್ಮ ದೇಶದಲ್ಲಿಯೇ ತಯಾರಿಸಿ ಹೊರತಂದಿತು. ರೋಗವು ಒಂದೆಡೆಯಲ್ಲಿಯೇ ಇದ್ದರೆ ಔಷಧಗಳೊಡನೆ ವಿಕಿರಣ ಚಿಕಿತ್ಸೆಯನ್ನೂ ಕೊಡುವುದುಂಟು. ಮಂದಗತಿಯ ಬಗೆಗೆ ಕೆಲವೊಮ್ಮೆ ವಿಕಿರಣವೊಂದೇ ಸಾಕಾಗುತ್ತದೆ. ರಂಧ್ರವೋ ಬಿಡದ ಅಡಚಣೆಯೋ ಉಂಟಾದಾಗ ಶಸ್ತ್ರಚಿಕಿತ್ಸೆಯ ಪ್ರಸಕ್ತಿ ಬರುತ್ತದೆ. ರೋಗವು ಮರುಕಳಿಸಿದವರಿಗೂ ದಾರಿ ಮುಚ್ಚಿಲ್ಲ: ಬಿ ಕಣಗಳ ಲಿಂಫೋಮಾಕ್ಕೆ ರೋಗಿಯ ಲಿಂಫೊಸೈಟುಗಳನ್ನೇ ತಿದ್ದಿ ಮರಳಿ ಕೊಡುವ ಚಿಕಿತ್ಸೆಯೊಂದು, ಮುಂಬಯಿಯ ಐ.ಐ.ಟಿ. ಹಾಗೂ ಟಾಟಾ ಸ್ಮಾರಕ ಆಸ್ಪತ್ರೆಗಳ ಪರಿಶ್ರಮದಿಂದ ಸಿದ್ಧವಾಗಿ, ೨೦೨೩ರಲ್ಲಿ ಭಾರತದಲ್ಲಿ ಅಂಗೀಕೃತವಾಯಿತು.

ಚಿಕಿತ್ಸಾಕಾಲದಲ್ಲಿ ಮನೆಯವರ ಹೊಣೆ ದೊಡ್ಡದು. ಗಡ್ಡೆಯು ಗೋಡೆಯ ಪೂರ್ತಿ ದಪ್ಪವನ್ನು ವ್ಯಾಪಿಸಿದ್ದರೆ, ಅದು ಕರಗುವಾಗ ಆ ಜಾಗದಲ್ಲಿ ರಂಧ್ರ ಬೀಳುವ ಭಯವುಂಟು. ಶ್ವಾಸನಾಳಕ್ಕೆ ದಾರಿಯಾದರೆ ನೀರು ಕುಡಿದೊಡನೆ ಕೆಮ್ಮು ಒತ್ತರಿಸಿ ಬರುತ್ತದೆ. ಹಠಾತ್ತಾದ ಎದೆನೋವು, ಇಂಥ ಕೆಮ್ಮು, ಅಥವಾ ೧೦೦.೪ ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಬಿಳಿಯ ಕಣಗಳು ಕುಗ್ಗಿರುವಾಗ ಸಣ್ಣ ಸೋಂಕೂ ಪ್ರಾಣಾಂತಕವಾದೀತು. ನೀರನ್ನು ಕುದಿಸಿ ಆರಿಸಿ ಕೊಡುವುದು, ಬಿಸಿಯಾರುವ ಮುನ್ನ ಅಡುಗೆಯನ್ನು ಬಡಿಸುವುದು, ಕೈತೊಳೆಯುವುದು ಇವು ಔಷಧಕ್ಕೆ ಸಮಾನ. ಕೂದಲುದುರುವುದು ತಾತ್ಕಾಲಿಕ. ಬೆರಳುಗಳ ಜೋಮನ್ನೂ ಮಲಬದ್ಧತೆಯನ್ನೂ ವೈದ್ಯರಿಗೆ ತಿಳಿಸಬೇಕು. ಬಾಯಿಂದ ಆಹಾರವು ಇಳಿಯದಿದ್ದರೆ ನಳಿಕೆಯಿಂದ ಉಣಿಸುವುದಕ್ಕೆ ಸಂಕೋಚಪಡಬಾರದು. ಬಲವಿಲ್ಲದ ದೇಹವು ಮದ್ದನ್ನು ತಾಳಲಾರದು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಿಂದ ಕ್ಯಾನ್ಸರು ರೋಗಿಗಳ ಸೇವೆಯಲ್ಲಿ ತೊಡಗಿದೆ. ‘ಕ್ಯಾನ್ಸರು’ ಎಂಬ ಶಬ್ದವನ್ನು ಕೇಳಿದೊಡನೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಿ ಕುಳಿತವರು ಎಷ್ಟೋ ಮಂದಿ. ಆ ಒಂದು ಶಬ್ದದೊಳಗೆ ಬೇರೆ ಬೇರೆ ಸ್ವಭಾವದ ನೂರಾರು ವ್ಯಾಧಿಗಳಿವೆ. ಅವುಗಳಲ್ಲಿ ಕೆಲವು ಔಷಧಕ್ಕೆ ಮಣಿಯುತ್ತವೆ. ಯಾವುದೆಂದು ಹೇಳಬಲ್ಲುದು ಆಳದಿಂದ ತೆಗೆದ ಒಂದು ಚೂರು. ಆದುದರಿಂದ ಮನೆಯಲ್ಲಿ ಯಾರಾದರೂ ತಟ್ಟೆಯ ಮುದ್ದೆಯನ್ನು ಬದಿಗೆ ಸರಿಸಿದರೆ, ಮುನಿಸೆಂದು ಎಣಿಸದೆ, ‘ನುಂಗುವುದಕ್ಕೆ ಕಷ್ಟವಾಗುತ್ತದೆಯೆ?’ ಎಂದು ವಿಚಾರಿಸಿರಿ. ಇಷ್ಟನ್ನು ವಾಚಕರು ನೆನಪಿನಲ್ಲಿಟ್ಟರೆ ನಮ್ಮ ಶ್ರಮ ಸಾರ್ಥಕ. ಅಲಮತಿವಿಸ್ತರೇಣ.