ಎಪಿಸೋಡ್ ಪಠ್ಯ: ಮನೆ ಎದುರಿನ ಚರ್ಚಿಗೆ ನಾವೂ ಹೋಗಬಹುದಾ?

ಈ ವಾರದ ವಿಷಯ ಶುರುವಾಗಿದ್ದು ಒಂದು ವಾಟ್ಸಾಪ್ ಕಾಲ್‌ನಿಂದ. ನನ್ನ ದೊಡ್ಡಪ್ಪನ ಮಗಳು, ಭಾವನ ಕೆಲಸದಿಂದಾಗಿ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಹೋಗಿ ಆರು ತಿಂಗಳಾಗಿತ್ತು. ಚಳಿಗಾಲ, ಸಂಜೆ ನಾಲ್ಕಕ್ಕೇ ಕತ್ತಲು, ಕೈಯಲ್ಲಿ ಒಂದೂವರೆ ವರ್ಷದ ಮಗು, ಮಾತಾಡೋಕೆ ಅಕ್ಕಪಕ್ಕ ಯಾರೂ ಇಲ್ಲ. ಎದುರಿನ ಚರ್ಚ್ ಗೇಟಲ್ಲಿ ಒಂದು ಬೋರ್ಡ್ ಇತ್ತಂತೆ: ಮಂಗಳವಾರ ಬೆಳಿಗ್ಗೆ ಪುಟ್ಟ ಮಕ್ಕಳ ಗುಂಪು, ಎಲ್ಲರಿಗೂ ಸ್ವಾಗತ.

"ಎಲ್ಲರಿಗೂ ಅಂದ್ರೆ ನಮಗೂನಾ? ನಾವು ಹಿಂದೂಗಳು ಕಣೋ. ಹೋದ್ಮೇಲೆ ನಮ್ಮ ಧರ್ಮಕ್ಕೆ ಬನ್ನಿ ಅಂತ ಶುರು ಮಾಡಿದ್ರೆ?" ಅಂದಳು ಅಕ್ಕ.

ಅನುಮಾನ ಸಹಜ. ನಮ್ಮಲ್ಲಿ ಚರ್ಚ್ ಅಂದ್ರೆ ಅದರ ಸದಸ್ಯರದ್ದು ಅನ್ನೋ ಲೆಕ್ಕ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಕೂಡ ಶುರುವಾಗಿದ್ದು ಆಂಗ್ಲಿಕನ್ ಚರ್ಚ್ ಆಗಿಯೇ. 1947ರ ಸೆಪ್ಟೆಂಬರ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಪಂಗಡಗಳು ಸೇರಿ ಸಿಎಸ್‌ಐ ಆಯ್ತು. ಅಲ್ಲಿ ಸದಸ್ಯತ್ವ ಇರುತ್ತೆ.

ಆದ್ರೆ ಚರ್ಚ್ ಆಫ್ ಇಂಗ್ಲೆಂಡಿನ ಕಥೆ ಬೇರೆ. ಅದು ಅಲ್ಲಿನ ಅಧಿಕೃತ ಚರ್ಚ್, ರಾಜನೇ ಅದರ ಸುಪ್ರೀಂ ಗವರ್ನರ್. ಇಡೀ ಇಂಗ್ಲೆಂಡನ್ನು ಸುಮಾರು 12,000 ಪ್ಯಾರಿಷ್‌ಗಳಾಗಿ ಹಂಚಿದ್ದಾರೆ. ಪ್ಯಾರಿಷ್ ಅಂದ್ರೆ ಭಕ್ತರ ಪಟ್ಟಿ ಅಲ್ಲ, ಅದೊಂದು ಗಡಿ. ನಮ್ಮ ವಾರ್ಡ್ ಇದ್ದ ಹಾಗೆ ಅಂದ್ಕೊಳ್ಳಿ. ಆ ಗಡಿಯೊಳಗೆ ಮನೆ ಮಾಡಿದವರು ಹಿಂದೂ ಆಗಲಿ, ಮುಸ್ಲಿಂ ಆಗಲಿ, ದೇವರನ್ನೇ ನಂಬದವರಾಗಲಿ, ಎಲ್ಲರೂ ಅಲ್ಲಿನ ಪಾದ್ರಿಯ ಜವಾಬ್ದಾರಿ. ಪ್ಯಾರಿಷ್‌ನಲ್ಲಿ ವಾಸ ಇರೋರಿಗೆ ಅಲ್ಲಿನ ಚರ್ಚಿನಲ್ಲಿ ಮದುವೆಯಾಗೋ ಹಕ್ಕಿದೆ (ಗಂಡು-ಹೆಣ್ಣಿನ ಮದುವೆಗೆ ಮಾತ್ರ, ಸಲಿಂಗ ಜೋಡಿಗಳಿಗೆ ಈ ಬಾಗಿಲು ಇನ್ನೂ ಮುಚ್ಚಿದೆ, ಅದನ್ನೂ ಹೇಳಲೇಬೇಕು). ಸ್ಮಶಾನದಲ್ಲಿ ಜಾಗ ಇದ್ರೆ ಅಲ್ಲೇ ಮಣ್ಣಾಗೋ ಹಕ್ಕೂ ಇದೆ.

ನನಗೆ ತಲೆ ತಿರುಗಿದ್ದು ಇನ್ನೊಂದು ವಿಷಯಕ್ಕೆ. ಚರ್ಚಿನ ಆಡಳಿತ ನೋಡ್ಕೊಳ್ಳೋಕೆ ಚರ್ಚ್‌ವಾರ್ಡನ್ ಅಂತ ಸಾಮಾನ್ಯವಾಗಿ ಇಬ್ಬರನ್ನು ಪ್ರತಿ ವರ್ಷ ಆರಿಸ್ತಾರೆ. ವಾರ್ಡನ್ ಆಗೋಕೆ ದೀಕ್ಷೆ ಪಡೆದ ಕ್ರೈಸ್ತರೇ ಆಗಿರಬೇಕು. ಆದ್ರೆ ವೋಟು? ಪ್ಯಾರಿಷ್‌ನಲ್ಲಿದ್ದು ಸ್ಥಳೀಯ ಮತದಾರರ ಪಟ್ಟಿಯಲ್ಲಿ ಹೆಸರಿದ್ರೆ ಯಾರು ಬೇಕಾದ್ರೂ ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶ ಆಗಿರೋದ್ರಿಂದ ವೀಸಾದ ಮೇಲೆ ವಾಸವಿರೋ ನಮ್ಮವರೂ ಆ ಪಟ್ಟಿಗೆ ಸೇರಬಹುದು. ಅಂದ್ರೆ ಅಕ್ಕನಿಗೂ ವೋಟಿದೆ!

ಇನ್ನು ದುಡ್ಡು. ಬಿಕಾಂ ಓದಿದವನು, ನನ್ನ ಕಣ್ಣು ಮೊದಲು ಹೋಗೋದೇ ಅಲ್ಲಿಗೆ. ಅಧಿಕೃತ ಚರ್ಚ್ ಆದ್ರೂ ಪಾದ್ರಿಯ ಸಂಬಳ ತೆರಿಗೆಯಿಂದ ಬರಲ್ಲ. ಸುಮಾರು 16,000 ಚರ್ಚ್ ಕಟ್ಟಡಗಳಲ್ಲಿ ಮುಕ್ಕಾಲು ಪಾಲು ಪಾರಂಪರಿಕ ಪಟ್ಟಿಯಲ್ಲಿವೆ, ಮನಸ್ಸಿಗೆ ಬಂದ ಹಾಗೆ ರಿಪೇರಿ ಮಾಡೋ ಹಾಗಿಲ್ಲ. ಸೋರೋ ಮಾಡು, ಹೀಟರ್ ಬಿಲ್ಲು, ಎಲ್ಲದರ ಹೊರೆ ಹೆಚ್ಚಾಗಿ ಬೀಳೋದು ಭಾನುವಾರ ಬರೋ ಅಷ್ಟೇ ಜನರ ಕಾಣಿಕೆ ಮೇಲೆ, ಹಾಲ್ ಬಾಡಿಗೆ, ಕೇಕ್ ಮಾರಾಟದ ಮೇಲೆ. ಹಕ್ಕು ಊರಿಗೆಲ್ಲ, ಖರ್ಚು ಕೆಲವೇ ಹಿರಿಯರಿಗೆ. ಹಾಗಾಗಿ "ಎಲ್ಲರಿಗೂ ಸ್ವಾಗತ" ಅನ್ನೋ ಬೋರ್ಡ್ ಹಿಂದೆ ಪ್ರೀತಿಯೂ ಇದೆ, ನಮ್ಮ ನಂತರ ಇದನ್ನ ಯಾರು ನೋಡ್ಕೊಳ್ತಾರೆ ಅನ್ನೋ ಭಯವೂ ಇದೆ ಅಂತ ನನಗನ್ಸುತ್ತೆ.

ಒಂದು ವ್ಯತ್ಯಾಸ ತಿಳ್ಕೊಳ್ಳಿ. ಪುಟ್ಟ ಮಕ್ಕಳ ಗುಂಪು ಅಂದ್ರೆ ಹೆಚ್ಚಾಗಿ ಆಟಿಕೆ, ಟೀ, ಬಿಸ್ಕತ್ತು, ಹಾಡು. 'ಮೆಸ್ಸಿ ಚರ್ಚ್' ಅಂತ ಕಂಡ್ರೆ ಅದು ಬೇರೆ. 2004ರಲ್ಲಿ ಪೋರ್ಟ್ಸ್‌ಮತ್ ಹತ್ತಿರದ ಕೌಪ್ಲೇನ್‌ನಲ್ಲಿ ಶುರುವಾಗಿದ್ದು. ಬಣ್ಣ, ಅಂಟು, ಎಲ್ಲರೂ ಕೂತು ಊಟ ಇರುತ್ತೆ, ಜೊತೆಗೆ ಬೈಬಲ್ ಕಥೆ, ಪ್ರಾರ್ಥನೆ ಕೂಡ. ಮುಚ್ಚುಮರೆ ಏನಿಲ್ಲ, ಯಾವುದಕ್ಕೆ ಹೋಗ್ತಿದ್ದೀವಿ ಅಂತ ಗೊತ್ತಿದ್ರೆ ಸಾಕು.

ಅಕ್ಕ ಮಂಗಳವಾರ ಹೋದಳು. ಎರಡು ಪೌಂಡ್ ಕೊಟ್ಟಳು. ಧರ್ಮದ ಬಗ್ಗೆ ಯಾರೂ ಕೇಳಲಿಲ್ಲವಂತೆ. ಒಬ್ಬ ಅಜ್ಜಿ ಮಗುವನ್ನ ಎತ್ಕೊಂಡು, "ನೀನು ಬಿಸಿ ಇರುವಾಗಲೇ ಟೀ ಕುಡಿಯಮ್ಮ" ಅಂದ್ರಂತೆ. ಅದನ್ನ ಹೇಳುವಾಗ ಅವಳ ಗಂಟಲು ಕಟ್ಟಿತ್ತು. ಮೊನ್ನೆ ಒಂದು ಫೋಟೋ ಕಳಿಸಿದ್ದಾಳೆ: ಚರ್ಚಿನ ಮಾಡು ರಿಪೇರಿಗೆ ಕೇಕ್ ಮಾರಾಟ, ಮೇಜಿನ ತುದಿಯಲ್ಲಿ ಒಂದು ಡಬ್ಬ ಕೋಡುಬಳೆ.

ನೀವೂ ಆ ಕಡೆ ಇದ್ರೆ, ನಿಮ್ಮ ಅನುಭವ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಮುಂದಿನ ವಾರ ಸಿಗೋಣ.